ಶಿರಸಿಯ ಬೀಜ ಮೇಳ: ಯಾವ ಪೊಟ್ಟಣ ಕೊಳ್ಳಬೇಕು, ಯಾವುದನ್ನು ಬಿಡಬೇಕು

ಅಂಗಳದ ಚಪ್ಪರ ಬಿಚ್ಚಿ, ಒಣಕಟ್ಟಿಗೆ ಕೊಟ್ಟಿಗೆ ಸೇರಿ, ಮಿಡಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಬಿಗಿದ ಮೇಲೆ ಮಲೆನಾಡಿನ ಮನೆಯಲ್ಲಿ ಉಳಿಯುವ ದೊಡ್ಡ ಕೆಲಸ ಬೀಜ ಹೊಂದಿಸುವುದು. ಮಳೆಗೆ ಮುಂಚೆ ಶಿರಸಿಯಲ್ಲಿ ಕೂಡುವ ಬೀಜ ಮೇಳಕ್ಕೆ ಜನ ಬರುವುದು ಅದಕ್ಕೇ. ಮೇಜಿನ ಮೇಲೆ ಮೊರ, ಮೊರದ ತುಂಬ ಸಣ್ಣ ಕಾಗದದ ಪೊಟ್ಟಣ, ಪಕ್ಕದಲ್ಲಿ ಗೆಡ್ಡೆಗಳ ಬುಟ್ಟಿ, ಹೂವಿನ ಹೆಣೆಗಳು, ಅಂದರೆ ನೆಡುವ ಕಡ್ಡಿಗಳು. ಹಿಂದೆ ಕೂತ ಹೆಂಗಸರು ಬರೀ ಮಾರುವವರಲ್ಲ, ಆ ಬೀಜ ಬೆಳೆದವರೂ ಅವರೇ. ಸುನೀತಾ ರಾವ್ ಅವರ ಮುಂದಾಳತ್ವದಲ್ಲಿ 2001ರಲ್ಲಿ ಶಿರಸಿಯಲ್ಲಿ ಶುರುವಾದ ವನಸ್ತ್ರೀ ಸಂಘಟನೆ ‘ಮಲೆನಾಡ ಮೇಳ’ದ ಮೂಲಕ ಈ ರೂಢಿಗೆ ಗಟ್ಟಿ ಆಕಾರ ಕೊಟ್ಟಿತು. ಊರೂರಿನ ಸ್ವಸಹಾಯ ಸಂಘಗಳೂ ಈಗ ತಮ್ಮ ತಮ್ಮ ಮಟ್ಟದಲ್ಲಿ ಬೀಜ ಮಾರುತ್ತವೆ. ಇಲ್ಲಿ ಬರೆದಿರುವುದು ಯಾವುದೇ ಒಂದು ಗುಂಪಿನ ಬಗ್ಗೆ ಅಲ್ಲ. ಮಹಿಳಾ ಗುಂಪುಗಳಿಂದ ಕೊಳ್ಳುವ ಮಳೆಗಾಲದ ತರಕಾರಿ ಬೀಜ ಎಷ್ಟು ಒಳ್ಳೆಯದು, ಎಲ್ಲಿ ಕೈಕೊಡುತ್ತದೆ ಎಂಬುದರ ಬಗ್ಗೆ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಸೌತೆ, ಮೊಗೆ, ಹೀರೆ, ಹಾಗಲ, ಹಾಲುಬೆಂಡೆ, ಹರಿವೆ, ಅಲಸಂದೆ, ಚಪ್ಪರದ ಅವರೆ, ಕೆಸು, ಸುವರ್ಣಗೆಡ್ಡೆ: ಇವಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿಲ್ಲ. ಎಲೆಕೋಸು, ಹೂಕೋಸು, ಗಜ್ಜರಿ ಬೇಕಿದ್ದವರು ಪೇಟೆಯ ಬೀಜದಂಗಡಿಗೇ ಹೋಗಲಿ. ಅವು ಇಲ್ಲಿನ ಮಳೆಯಲ್ಲಿ ಬೀಜ ಕಟ್ಟುವ ಬೆಳೆಗಳಲ್ಲ.

ಕಾರಣ ಸರಳ. ಶಿರಸಿಯ ವಾರ್ಷಿಕ ಮಳೆ 2500 ಮಿ.ಮೀ. ಆಸುಪಾಸು, ಕಾರವಾರದ ಕಡೆ 3000 ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ಹನಿ ನೀರಾವರಿ, ಗೊಬ್ಬರ ನೋಡಿಕೊಂಡು ಆರಿಸಿದ ಹೈಬ್ರಿಡ್ ಸೌತೆ ಜುಲೈ ತಿಂಗಳಲ್ಲಿ ಹದಿನೈದು ದಿನ ಬಿಸಿಲು ಕಾಣದಿದ್ದರೆ ಬೂಜು ರೋಗಕ್ಕೆ ಎಲೆ ಕೊಟ್ಟು ಕೂರುತ್ತದೆ. ಊರ ಸೌತೆಗೂ ಬೂಜು ಬರುತ್ತದೆ, ಆದರೆ ಬುಡದ ಎಲೆ ಒಣಗುತ್ತಿದ್ದಂತೆ ತುದಿ ಮುಂದೆ ಹೋಗುತ್ತಿರುತ್ತದೆ. ಎಷ್ಟೋ ಮಳೆಗಾಲ ಬದುಕಿದ ಬಳ್ಳಿಯಿಂದಲೇ ಬೀಜ ತೆಗೆದು ತೆಗೆದು ಬಂದ ಗುಣ ಅದು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಊರ ಬೀಜದಲ್ಲಿ ಎಲ್ಲ ಗಿಡ ಒಂದೇ ದಿನ ಕಾಯಿ ಬಿಡುವುದಿಲ್ಲ, ಒಂದೇ ಗಾತ್ರವೂ ಇರುವುದಿಲ್ಲ. ಮನೆಯ ಊಟಕ್ಕೆ ಅದು ವರ. ಪೇಟೆಗೆ ಕ್ರೇಟಿನಲ್ಲಿ ತುಂಬಿ ಕಳಿಸುವವರಿಗೆ ಅದೇ ತೊಡಕು, ಅಂಥವರು ತಿಳಿದೇ ಕೊಳ್ಳಲಿ.

ಪೊಟ್ಟಣದ ಮೇಲೆ ಏನಿರಬೇಕು? ತರಕಾರಿಯ ಹೆಸರು ಮಾತ್ರ ಇದ್ದರೆ ಸಾಲದು. ಬೀಜ ತೆಗೆದ ತಿಂಗಳು ಮತ್ತು ವರ್ಷ, ಬೆಳೆದ ಊರು, ಬಿತ್ತುವ ಕಾಲ, ಬೀಜದ ಎಣಿಕೆ, ಕಾಯಿಯ ಬಣ್ಣ–ಆಕಾರ: ಈ ಐದು ಸಾಲು ಬೇಕೇ ಬೇಕು. ಒಳ್ಳೆಯ ಗುಂಪುಗಳು ಇವನ್ನು ಕೈಬರಹದಲ್ಲಿ ಬರೆದಿರುತ್ತವೆ. ಬರೆಯದಿದ್ದರೆ ಕೇಳಿ: ‘ಇದು ಯಾವ ತಿಂಗಳ ಬೀಜ ಅಕ್ಕಾ? ಬಳ್ಳಿ ಪಕ್ಕ ಮತ್ತೇನಿತ್ತು?’ ಎರಡನೆಯ ಪ್ರಶ್ನೆ ಕೇಳುವವರು ಕಡಿಮೆ, ಆದರೆ ಹೆಚ್ಚು ಬೆಲೆಯ ಪ್ರಶ್ನೆ ಅದೇ. ಉತ್ತರ ತಡವರಿಸದೆ ಬಂದರೆ ಬೀಜ ಬೆಳೆದವರೇ ಎದುರಿಗಿದ್ದಾರೆ ಎಂದರ್ಥ. ‘ಯಾರೋ ಕೊಟ್ಟದ್ದು’ ಎಂಬ ಉತ್ತರ ಬಂದರೆ ಬಳ್ಳಿ ತರಕಾರಿಯನ್ನು ಬಿಟ್ಟು ಅಲಸಂದೆಯನ್ನಷ್ಟೇ ಕೊಳ್ಳಿ.

ಯಾಕೆ ಎಂದರೆ ಅಡ್ಡಪರಾಗ, ಅಂದರೆ ಒಂದು ಬಗೆಯ ಪರಾಗ ಇನ್ನೊಂದು ಬಗೆಯ ಹೂವಿಗೆ ಬೀಳುವುದು. ಅಲಸಂದೆ, ಅವರೆ ತಮ್ಮ ಹೂವಿನೊಳಗೇ ಪರಾಗ ಮುಗಿಸಿಕೊಳ್ಳುತ್ತವೆ. ಎರಡು ಜಾತಿಯ ನಡುವೆ ಹತ್ತು ಮೀಟರ್ ಇದ್ದರೆ ಮನೆಮಟ್ಟಕ್ಕೆ ಸಾಕು. ಬೆಂಡೆ, ಬದನೆ ಅರೆಬರೆ ಬೆರೆಯುತ್ತವೆ. ಸೌತೆ, ಕುಂಬಳ, ಹೀರೆಗಳದ್ದು ಪೂರ್ತಿ ಜೇನಿನ ಕೈಯಲ್ಲಿರುವ ಸಂಸಾರ. ಕುಂಬಳ ಶುದ್ಧ ಉಳಿಯಲು ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು ದೂರ ಬೇಕು. ಹರಿವೆಯ ಪುಡಿಯನ್ನು ಗಾಳಿ ಹೊರುತ್ತದೆ, ಹಾಗಾಗಿ ಕೆಂಪು ಹರಿವೆ, ಹಸಿರು ಹರಿವೆ ಒಂದೇ ಹಿತ್ತಲಲ್ಲಿ ಹೂ ಬಿಟ್ಟರೆ ಮರುವರ್ಷ ನಸುಗೆಂಪು ಗಿಡಗಳು ಏಳುತ್ತವೆ.

ಹೆಸರು ನೋಡಿ ಮೋಸ ಹೋಗುವುದೂ ಉಂಟು. ಮುಳ್ಳುಸೌತೆ ಮತ್ತು ಮೊಗೆಕಾಯಿ ಎರಡನ್ನೂ ನಾವು ಸೌತೆಯ ಜಾತಿ ಎಂದೇ ಎಣಿಸುತ್ತೇವೆ. ಸಸ್ಯಶಾಸ್ತ್ರದಲ್ಲಿ ಮುಳ್ಳುಸೌತೆ ಕ್ಯುಕ್ಯುಮಿಸ್ ಸಟೈವಸ್, ಮೊಗೆ ಕ್ಯುಕ್ಯುಮಿಸ್ ಮೆಲೊ, ಅಂದರೆ ಖರ್ಬೂಜದ ಕುಲ. ಇವೆರಡೂ ಪಕ್ಕಪಕ್ಕ ಇದ್ದರೂ ಬೆರೆಯುವುದಿಲ್ಲ. ಆದರೆ ಕರಾವಳಿಯ ಚಿಬ್ಬಡ ಹಣ್ಣೂ ಮೆಲೊ ಕುಲದ್ದೇ. ಮೊಗೆ ಮತ್ತು ಚಿಬ್ಬಡ ಒಂದೇ ಗದ್ದೆಯಲ್ಲಿದ್ದರೆ ಮುಂದಿನ ವರ್ಷದ ಮೊಗೆಕಾಯಿ ಹಣ್ಣಾಗುತ್ತಲೇ ಒಡೆಯುತ್ತದೆ, ಜಂತಿಗೆ ಕಟ್ಟಿದರೆ ತಿಂಗಳೂ ಬಾಳುವುದಿಲ್ಲ. ಅಂಕೋಲಾ, ಕಾರವಾರದ ಕಡೆಯಿಂದ ಬಂದ ಮೊಗೆಬೀಜ ಕೊಳ್ಳುವಾಗ ಇದನ್ನು ಕೇಳಲೇಬೇಕು.

ಈಗ ಬೀಜದ ಗುಣ. ಪ್ರಮಾಣೀಕೃತ ಬೀಜಕ್ಕೆ ದೇಶದಲ್ಲಿ ನಿಗದಿಯಾದ ಕನಿಷ್ಠ ಮೊಳಕೆ ಸೌತೆ–ಹೀರೆ–ಹಾಗಲದ ಗುಂಪಿಗೆ ಶೇ 60, ಬೆಂಡೆಗೆ 65, ಬದನೆ ಮತ್ತು ಹರಿವೆಗೆ 70, ಅಲಸಂದೆಗೆ 75. ಗುಂಪುಗಳ ಬೀಜಕ್ಕೆ ಈ ಮುದ್ರೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯ 39ನೇ ಕಲಮು ತಾವು ಬೆಳೆದ ಬೀಜವನ್ನು ಉಳಿಸುವ, ಹಂಚುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರಾಂಡ್ ಹಾಕಿ ಮಾರುವುದಕ್ಕೆ ಮಾತ್ರ ತಡೆ. ಹೀಗಾಗಿ ಪರೀಕ್ಷೆ ನಮ್ಮ ಅಡುಗೆಮನೆಯಲ್ಲೇ ಆಗಬೇಕು. ಅಲಸಂದೆ, ಬೆಂಡೆ, ಹರಿವೆಯಾದರೆ 20 ಬೀಜ ತೆಗೆದು ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ದಿನಕ್ಕೊಮ್ಮೆ ನೀರು ಚಿಮುಕಿಸಿ. ಏಳು ದಿನದಲ್ಲಿ 14 ಮೊಳೆತರೆ ನಿಶ್ಚಿಂತೆ. 10 ಮೊಳೆತರೆ ಒಂದರ ಜಾಗದಲ್ಲಿ ಎರಡು ಬೀಜ ಹಾಕಿ. ಅದಕ್ಕೂ ಕಡಿಮೆಯಾದರೆ ಮಾರಿದವರಿಗೆ ತಿಳಿಸಿ. ದೂರು ಕೊಟ್ಟ ಹಾಗಾಗುತ್ತದೆಂದು ಸುಮ್ಮನಿರುವುದು ಗುಂಪಿಗೆ ಮಾಡುವ ಕೇಡು, ಆ ಬೀಜದ ಉಳಿದ ಪೊಟ್ಟಣಗಳು ಇನ್ನೊಬ್ಬರ ಓಳಿಗೆ (ಏರಿಸಿದ ಮಡಿಗೆ) ಹೋಗಿರುತ್ತವೆ. ಬಳ್ಳಿ ತರಕಾರಿಯ ಪೊಟ್ಟಣದಲ್ಲಿ ಇರುವುದೇ ಹತ್ತು–ಹದಿನೈದು ಬೀಜವಾದ್ದರಿಂದ ಅವನ್ನು ಬಟ್ಟೆಯಲ್ಲಿ ಮೊಳೆಸಿ, ಮೊಳಕೆ ಕಾಲು ಇಂಚು ಇರುವಾಗಲೇ ನೇರ ಗುಂಡಿಗೆ ಇಟ್ಟರೆ ಪರೀಕ್ಷೆಯೂ ಆಯಿತು, ಬಿತ್ತನೆಯೂ ಆಯಿತು.

ಈ ಬೀಜಗಳ ದೊಡ್ಡ ದೌರ್ಬಲ್ಯ ತೇವ. ಕಾಗದದ ಪೊಟ್ಟಣ ಮೇ ತಿಂಗಳಲ್ಲಿ ಚೆಂದ. ಅದೇ ಪೊಟ್ಟಣ ಜುಲೈ ಗಾಳಿಯಲ್ಲಿ ಒಂದು ವಾರ ಕಪಾಟಿನಲ್ಲಿದ್ದರೆ ಬೀಜ ನೀರು ಹೀರಿಕೊಳ್ಳುತ್ತದೆ. ಬೀಜದ ತೇವ ಶೇ 1ರಷ್ಟು ಇಳಿದರೆ ಅದರ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಬೀಜ ವಿಜ್ಞಾನದ ಹಳೆಯ ಸೂತ್ರ, ಏರಿದರೆ ಅಷ್ಟೇ ವೇಗದಲ್ಲಿ ಆಯುಷ್ಯ ಕುಗ್ಗುತ್ತದೆ. ಗುಂಪುಗಳು ಪೊಟ್ಟಣವನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿಟ್ಟು, ಬೇಕಾದಾಗಷ್ಟೇ ತೆಗೆದು ಮಾರಬೇಕು. ಮೊರದಲ್ಲಿ ಹರವಿಟ್ಟು ಮಾರುವುದು ನೋಡಲು ಚೆಂದವೇ ಹೊರತು ಬೀಜಕ್ಕೆ ಒಳ್ಳೆಯದಲ್ಲ. ಮನೆಗೆ ತಂದವರು ಹೀಗೆ ಮಾಡಬಹುದು. ಅಕ್ಕಿಯನ್ನು ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿ, ಮುಚ್ಚಿಟ್ಟು ಆರಿಸಿ, ಬೀಜದಷ್ಟೇ ತೂಕದ ಅಕ್ಕಿಯನ್ನು ಬಟ್ಟೆಗಂಟು ಕಟ್ಟಿ, ಬಾಟಲಿಯಲ್ಲಿ ಬೀಜದ ಜೊತೆ ಒಂದು ವಾರ ಇಡಿ. ಆಮೇಲೆ ಅಕ್ಕಿ ಬದಲಿಸಿ. ಸೌತೆಬೀಜ ಬಗ್ಗಿಸಿದರೆ ಚಟಕ್ಕೆಂದು ಮುರಿಯಬೇಕು, ಮಡಚಿಕೊಂಡರೆ ಇನ್ನೂ ಒಣಗಿಲ್ಲ. ಅಲಸಂದೆ, ಅವರೆಗೆ ಬರುವ ಕಾಳುಹುಳಕ್ಕೆ 100 ಗ್ರಾಂ ಬೀಜಕ್ಕೆ ಹತ್ತು ಹನಿ ಹರಳೆಣ್ಣೆ ಅಥವಾ ಕೊಬ್ಬರಿಎಣ್ಣೆ ಸವರಿದರೆ ಸಾಕು. ಎಣ್ಣೆ ಹೆಚ್ಚಾದರೆ ಮೊಳಕೆಗೆ ಪೆಟ್ಟು. ಪೊಟ್ಟಣವನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದಾಗ ಹಿಟ್ಟಿನಂಥ ಪುಡಿ ಕಂಡರೆ ಹುಳ ಆಗಲೇ ಒಳಗಿದೆ, ಬೇಡವೆನ್ನಿ.

ಬಿತ್ತನೆಗೆ ರೋಹಿಣಿ ಮಳೆಯ ಕೊನೆ, ಮೃಗಶಿರದ ಮೊದಲ ವಾರ ಹೊಂದುವ ಕಾಲ. ಆರಿದ್ರಾ ಹಿಡಿದ ಮೇಲೆ ಬಿತ್ತಿದರೆ ಬೀಜ ಕೊಳೆಯುತ್ತದೆ, ಮೊಳೆತದ್ದನ್ನು ಬಸವನಹುಳು ಮೇಯುತ್ತದೆ. ಮಳೆ ಬಿಗಿಯುವ ಹೊತ್ತಿಗೆ ಬಳ್ಳಿಗೆ ನಾಲ್ಕೈದು ಎಲೆ ಆಗಿರಬೇಕು. ಓಳಿ ಒಂದು ಅಡಿ ಎತ್ತರ, ಎರಡೂವರೆ ಅಡಿ ಅಗಲ ಇರಲಿ. ಎರಡು ಓಳಿಯ ನಡುವಿನ ಕಾಲುವೆ ಅಂಗಳದ ಇಳಿಜಾರಿನತ್ತ ಹರಿಯಲಿ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ ಸ್ವಭಾವದ್ದು. ಗುಂಡಿಗೆ ಒಂದು ಹಿಡಿ ಒಲೆಬೂದಿ, ಎರಡು ಬೊಗಸೆ ಸುಡುಮಣ್ಣು, ಒಂದು ಬುಟ್ಟಿ ಪೂರ್ತಿ ಕೊಳೆತ ಗೊಬ್ಬರ ಬೇಕು. ಅರ್ಧ ಕೊಳೆತ ಗೊಬ್ಬರದಲ್ಲಿ ಗೊಣ್ಣೆಹುಳ ಬರುತ್ತದೆ, ಬೇರು ತಿಂದು ಬಳ್ಳಿ ನಿಂತಲ್ಲೇ ಬಾಡುತ್ತದೆ. ಜನ ಇದನ್ನು ಬೀಜದ ದೋಷವೆಂದು ಎಣಿಸುತ್ತಾರೆ. ಬೆಟ್ಟದ ದರಕು (ಒಣ ಎಲೆ) ಮೂರು ಇಂಚು ಹೊದಿಸಿದರೆ ಮಳೆಯ ಹೊಡೆತಕ್ಕೆ ಮಣ್ಣು ಸಿಡಿದು ಎಲೆಯ ಅಡಿಗೆ ಹತ್ತುವುದಿಲ್ಲ. ಎಷ್ಟೋ ರೋಗ ಏರುವುದು ಆ ಸಿಡಿತದಿಂದಲೇ.

ಮುಳ್ಳುಸೌತೆ ಈ ಮೇಳದ ರಾಜ. ಗುಂಡಿಗೆ ಮೂರು ಮೊಳಕೆ ಇಟ್ಟು ಎರಡನ್ನು ಉಳಿಸಿಕೊಳ್ಳಿ, ಗುಂಡಿಗೆ ಗುಂಡಿ ನಾಲ್ಕು ಅಡಿ. ಮೊದಲ ವಾರ ಬಿಡುವ ಹೂಗಳೆಲ್ಲ ಗಂಡು, ಉದುರಿದವೆಂದು ಗೊಬ್ಬರ ಸುರಿಯಬೇಡಿ. ಹೆಣ್ಣುಹೂವಿನ ಬುಡದಲ್ಲಿ ಮಿಡಿ ಇರುತ್ತದೆ. ಮಿಡಿ ಹಳದಿಯಾಗಿ ಸೊಟ್ಟಗಾದರೆ ಎರಡು ಕಾರಣ. ಎಡೆಬಿಡದ ಮಳೆಯಲ್ಲಿ ಜೇನು ಬರದೆ ಪರಾಗ ಆಗಿಲ್ಲ, ಅಥವಾ ಹಣ್ಣುನೊಣ ಚುಚ್ಚಿದೆ. ಮಿಡಿಯನ್ನು ಕೊಯ್ದು ನೋಡಿದರೆ ಗೊತ್ತಾಗುತ್ತದೆ, ಒಳಗೆ ಬಿಳಿ ಹುಳ ಇದ್ದರೆ ನೊಣ. ಮೊದಲನೆಯದಕ್ಕೆ ಬೆಳಗಿನ ಒಂಬತ್ತರೊಳಗೆ ಗಂಡುಹೂ ಕಿತ್ತು ಹೆಣ್ಣಿಗೆ ಸವರಿ. ಎರಡನೆಯದಕ್ಕೆ ಚುಚ್ಚಿದ ಕಾಯನ್ನೆಲ್ಲ ಆರಿಸಿ ಒಂದೂವರೆ ಅಡಿ ಆಳಕ್ಕೆ ಹೂಳಬೇಕು. ಬೇಲಿಯಾಚೆ ಎಸೆದರೆ ಹುಳ ಮಣ್ಣಿಗಿಳಿದು ನೊಣವಾಗಿ ಮರಳುತ್ತದೆ. ವಾಸನೆಯಿಂದ ನೊಣ ಸೆಳೆಯುವ ಕ್ಯೂಲೂರ್ ಮೋಹಕ ಬಲೆಗೆ ಬೀಳುವುದು ಗಂಡುನೊಣ ಮಾತ್ರ, ಆದ್ದರಿಂದ ಒಂದು ಮನೆಯವರು ಕಟ್ಟಿದರೆ ಉಪಯೋಗ ಅಷ್ಟಕ್ಕಷ್ಟೆ. ಕೇರಿಯ ಎಲ್ಲ ಹಿತ್ತಲಲ್ಲೂ ಒಟ್ಟಿಗೆ ತೂಗಿದಾಗ ನೊಣ ಇಳಿಯುತ್ತದೆ. ಬಲೆಗಳನ್ನು ಒಟ್ಟಾಗಿ ಕೊಂಡು ಸದಸ್ಯರಿಗೆ ಹಂಚುವ ಗುಂಪಿಗೆ ನಾವು ಒಂದು ಅಂಕ ಹೆಚ್ಚೇ ಕೊಡುತ್ತೇವೆ.

ಮೊಗೆಬೀಜವನ್ನು ಮೇಳದಲ್ಲಿ ಕೊಂಡರೂ ಮಳೆಗಾಲಕ್ಕೆ ಬಿತ್ತದೆ, ಭತ್ತ ಕೊಯ್ದ ಗದ್ದೆಗೆ ಡಿಸೆಂಬರ್‌ನಲ್ಲಿ ಇಡುವುದು ಲೇಸು. ಬೇಸಿಗೆಯ ಕಾಯಿ ಗಟ್ಟಿ ಸಿಪ್ಪೆ ಕಟ್ಟುತ್ತದೆ, ಬಾಳೆಪಟ್ಟೆಯ ಹಗ್ಗದಲ್ಲಿ ಜಂತಿಗೆ ಕಟ್ಟಿದರೆ ಮಳೆಗಾಲದ ಹುಳಿಗೆ, ಹಶಿಗೆ ತಿಂಗಳುಗಟ್ಟಲೆ ಒದಗುತ್ತದೆ. ಹೀರೆ ಹೂ ಅರಳುವುದು ಸಂಜೆ. ಕೈಪರಾಗ ಮಾಡುವವರು ಐದು ಗಂಟೆಯ ಮೇಲೆ ಮಾಡಬೇಕು. ಸೋರೆಯ ಬಗ್ಗೆ ಒಂದು ಎಚ್ಚರ: ಊರ ಬೀಜದಲ್ಲಿ ಅಪರೂಪಕ್ಕೆ ವಿಪರೀತ ಕಹಿ ಕಾಯಿ ಬರುತ್ತದೆ. ತುದಿ ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಬೇಯಿಸಿದರೂ ಹೋಗದು, ರಸವಂತೂ ಕುಡಿಯಲೇಬಾರದು, ಅದು ವಿಷ. ಆ ಬಳ್ಳಿಯ ಬೀಜವನ್ನೂ ಇಡಬೇಡಿ.

ಚಪ್ಪರದ ಅವರೆಯ ಬಗ್ಗೆ ಕೇಳಿಬರುವ ದೂರು ಒಂದೇ: ‘ಬರೀ ಬಳ್ಳಿ ಹಬ್ಬಿತು, ಹೂವೇ ಇಲ್ಲ.’ ತಪ್ಪು ಬೀಜದ್ದಲ್ಲ. ಊರ ಅವರೆ ಹಗಲು ಕಿರಿದಾಗುವುದನ್ನು ಕಾಯುವ ಬೆಳೆ. ಜೂನ್‌ನಲ್ಲೇ ಬಿತ್ತಿದರೂ ಹೂ ಬರುವುದು ದೀಪಾವಳಿಯ ಆಸುಪಾಸಿಗೆ. ಆಗಸ್ಟ್‌ನಲ್ಲಿ ಬಿತ್ತಿದರೆ ಬಳ್ಳಿ ಚಿಕ್ಕದಿರುತ್ತದೆ, ಕಾಯಿ ಅದೇ ಹೊತ್ತಿಗೆ ಸಿಗುತ್ತದೆ. ಪೊಟ್ಟಣದ ಮೇಲೆ ಈ ಒಂದು ಸಾಲು ಬರೆಯದಿರುವುದು ಗುಂಪುಗಳ ನಿಜವಾದ ಲೋಪ. ಅಲಸಂದೆಯನ್ನೂ ಮಳೆ ಇಳಿದ ಮೇಲೆ, ಆಗಸ್ಟ್ ಕೊನೆಗೆ ಬಿತ್ತಿ. ಜಡಿಮಳೆಗೆ ಹೂ ಉದುರುತ್ತದೆ, ಗೊಬ್ಬರ ಹೆಚ್ಚಾದರೆ ಎಲೆಯೇ ಎಲೆ.

ಹಾಲುಬೆಂಡೆಗೆ ರಾತ್ರಿ ನೆನೆಸಿದ ಬೀಜ, ಗುಳಿಗೆ ಎರಡು, ಎರಡು ಅಡಿ ಅಂತರ. ಐವತ್ತು ದಿನಕ್ಕೆ ಕೊಯ್ಲು. ಎಲೆಯ ನರ ಹಳದಿಯಾದ ಗಿಡವನ್ನು ಕಂಡ ದಿನವೇ ಕೀಳಿ. ಹರಿವೆಬೀಜ ಒಂದು ಚಮಚಕ್ಕೆ ಹತ್ತು ಚಮಚ ಒಣಮರಳು ಬೆರೆಸಿ, ಮಳೆಯ ಹನಿ ನೇರ ಬೀಳದಂತೆ ಅಡಿಕೆ ಸೋಗೆಯ ಮರೆಯಲ್ಲಿ ಸಸಿ ಮಾಡಿ, ಇಪ್ಪತ್ತು ದಿನಕ್ಕೆ ಕಿತ್ತು ನೆಡಿ. ನೇರ ಬಿತ್ತಿದ ಹರಿವೆ ಮೊದಲ ಮಳೆಗೇ ಕಾಲುವೆ ಸೇರಿರುತ್ತದೆ.

ಗೆಡ್ಡೆಯ ಬುಟ್ಟಿಗೆ ನಮ್ಮ ಪೂರ್ಣ ಅಂಕ. ಕೆಸುವಿನ ನಾಟಿಗೆ 25ರಿಂದ 35 ಗ್ರಾಂ ತೂಕದ ಮರಿಗೆಡ್ಡೆ ಸಾಕು. ಸುವರ್ಣಗೆಡ್ಡೆಯಾದರೆ ಅರ್ಧ ಕೆ.ಜಿ.ಗೆ ಕಡಿಮೆಯಿಲ್ಲದ, ನಡುಮೊಳಕೆಯ ಭಾಗ ಉಳ್ಳ ತುಂಡು ಬೇಕು. ಸಗಣಿ ರಾಡಿಯಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಎರಡು ಅಡಿ ಗುಂಡಿಗೆ, ಮೂರು ಅಡಿ ಅಂತರಕ್ಕೆ ಇಡಬೇಕು. ಎಂಟು–ಒಂಬತ್ತು ತಿಂಗಳಿಗೆ ಅಗೆತ. ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಾದ ಜಾಗ, ಬಿಳಿ ಹಿಟ್ಟುತಿಗಣೆ ಇದ್ದರೆ ಬಿಡಿ. ಕೆಸು ಕೆರೆಯುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿಂದ. ಕೆಸುವಿನೆಲೆಯ ಅಡುಗೆಯಾದ ಕರಕಲಿಗೆ ವಾಟೆಹುಳಿ ಬಿದ್ದು ಚೆನ್ನಾಗಿ ಕುದಿಯಬೇಕೆನ್ನುವುದು ಅದಕ್ಕೇ. ಗೆಡ್ಡೆಯ ನಿಜವಾದ ವೈವಿಧ್ಯ ಬೇಕಿದ್ದವರು ಚಳಿಗಾಲದಲ್ಲಿ ಜೋಯಿಡಾದ ಕುಣಬಿ ಸಮುದಾಯದ ಗೆಡ್ಡೆ–ಗೆಣಸು ಮೇಳಕ್ಕೆ ಹೋಗಲಿ. ಆಗಷ್ಟೇ ಅಗೆದ ಗೆಡ್ಡೆಗಳನ್ನು ಬೆಳೆದವರೇ ಹೊತ್ತು ತಂದಿರುತ್ತಾರೆ.

ಮೇಳದಲ್ಲಿ ಹಣ ಕೊಟ್ಟು ಕೊಳ್ಳುವುದಕ್ಕಿಂತ ಗುಂಪಿನ ಸದಸ್ಯರಾಗಿ ಸಾಲದ ಬೀಜ ಪಡೆಯುವುದು ಮೇಲು. ಹತ್ತು ಬೀಜ ಒಯ್ದವರು ಸುಗ್ಗಿಯ ಮೇಲೆ ಇಪ್ಪತ್ತು ಹಿಂದಿರುಗಿಸುವುದು ಸಾಮಾನ್ಯ ಕರಾರು. ಇದು ನಡೆಯುವುದು ಹಂಚಿಕೆಯ ಮೇಲೆ. ಮೂರು ಗುಂಟೆ ಹಿತ್ತಲಿನ ಒಬ್ಬಾಕೆ ಐದು ಬಗೆಯ ಸೌತೆಯನ್ನು ಶುದ್ಧವಾಗಿ ಇಡಲಾರಳು, ಜೇನು ಬಿಡುವುದಿಲ್ಲ. ಐದು ಹಳ್ಳಿಯ ಐವರು ಒಂದೊಂದು ಬಗೆ ಹಿಡಿದರೆ ಐದೂ ಉಳಿಯುತ್ತವೆ. ಒಂದೇ ಬಳ್ಳಿಯ ಒಂದೇ ಕಾಯಿಯಿಂದ ವರ್ಷ ವರ್ಷ ಬೀಜ ತೆಗೆದರೆ ತಳಿ ಸೊರಗುತ್ತದೆ. ಕಡಿಮೆಯೆಂದರೂ ಆರೆಂಟು ಬಳ್ಳಿಗಳ ಕಾಯಿ ಸೇರಿಸಬೇಕು, ಇಬ್ಬರು ಮೂವರ ಬೀಜ ಬೆರೆಸಿದರೆ ಇನ್ನೂ ಒಳ್ಳೆಯದು. ಅಂದರೆ ಯಾರು ಯಾವ ಬೀಜದ ಹೊಣೆ ಹೊತ್ತಿದ್ದಾರೆ ಎಂಬ ಪುಸ್ತಕವೇ ಗುಂಪಿನ ಬೆನ್ನೆಲುಬು. ಅದನ್ನು ತೋರಿಸಲು ಕೇಳಿ. ಹೆಸರು, ಊರು, ತಳಿ, ಕೊಟ್ಟದ್ದು, ಮರಳಿಸಿದ್ದು ದಾಖಲಾಗಿದ್ದರೆ ಆ ಗುಂಪು ಬಾಳುತ್ತದೆ. ಪುಸ್ತಕ ಒಬ್ಬರ ಕೈಯಲ್ಲೇ ಇದ್ದು, ಅವರಿಲ್ಲದಾಗ ಮಾತಾಡುವವರು ಇಲ್ಲದಿದ್ದರೆ ಆ ಕಾಳಜಿ ಅವರೊಂದಿಗೇ ನಿಲ್ಲುತ್ತದೆ. ಅಡಿಕೆಯ ದುಡ್ಡು ಸೊಸೈಟಿಯ ಖಾತೆಗೆ, ಮನೆಯ ಯಜಮಾನರ ಹೆಸರಿಗೆ ಬೀಳುವ ಸೀಮೆ ಇದು. ಬೀಜದ ದುಡ್ಡು ಸಣ್ಣದಾದರೂ ಬೆಳೆದಾಕೆಯ ಕೈಗೇ ನೇರ ಬರಬೇಕು. ಮಾರಾಟದ ಹಣ ಎಷ್ಟು ದಿನದಲ್ಲಿ ಯಾರಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ಕೊಳ್ಳುವವರಿಗೂ ಇದೆ, ಇದನ್ನು ನಾವು ಮೊಳಕೆಯ ಪ್ರಮಾಣದಷ್ಟೇ ಮುಖ್ಯ ಎಂದು ಎಣಿಸುತ್ತೇವೆ.

ನೆಲವೂ ಊಟವೂ ಒಟ್ಟಿಗೆ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಸಾಕ್ಷಿ ಇದೆ. ಅಮೆರಿಕದ ದಕ್ಷಿಣ ಡಕೋಟಾದ ಪೈನ್ ರಿಡ್ಜ್ ಒಗ್ಲಾಲಾ ಲಕೋಟಾ ಜನರ ಮೀಸಲು ನೆಲ. 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಲಕೋಟಾಗಳಿಗೆಂದು ಬರೆದುಕೊಟ್ಟಿದ್ದ ಬ್ಲ್ಯಾಕ್ ಹಿಲ್ಸ್ ಬೆಟ್ಟಸೀಮೆಯನ್ನು 1877ರಲ್ಲಿ ಸರ್ಕಾರ ಕಿತ್ತುಕೊಂಡಿತು. ಅವರ ಬದುಕಿಗೆ ಆಧಾರವಾಗಿದ್ದ ಕಾಡೆಮ್ಮೆ ಹಿಂಡುಗಳನ್ನು ಬೇಟೆಯಾಡಿ ಮುಗಿಸಲಾಯಿತು. ಊಟ ಪಡಿತರದ ಮೈದಾ, ಕೊಬ್ಬು, ಸಕ್ಕರೆಗೆ ಬಂದು ನಿಂತಿತು, ಸಕ್ಕರೆ ಕಾಯಿಲೆ ಮನೆಮನೆಗೆ ಹೊಕ್ಕಿತು. ಇಂದು ಅಲ್ಲಿ ಸಮುದಾಯ ತೋಟ ಮಾಡುವವರ ಗುರಿ ತಮ್ಮ ಊಟವನ್ನು ಮತ್ತೆ ತಮ್ಮ ಕೈಗೆ ತಂದುಕೊಳ್ಳುವುದು. ಹುಲ್ಲುಗಾವಲಲ್ಲಿ ತಾನಾಗಿ ಬೆಳೆಯುವ ಟಿಂಪ್ಸಿಲಾ ಗೆಡ್ಡೆಯನ್ನು ಅವರು ಜೂನ್–ಜುಲೈನಲ್ಲಿ ಅಗೆದು, ಸಿಪ್ಪೆ ಸುಲಿದು, ಬೇರಿನ ತುದಿಗಳನ್ನು ಜಡೆಯಾಗಿ ಹೆಣೆದು ಒಣಗಿಸುತ್ತಾರೆ, ಬೀಜದ ತೆನೆಯನ್ನು ಅಗೆದ ಗುಂಡಿಗೇ ಮರಳಿ ಹಾಕುತ್ತಾರೆ. ಕುಮಟಾದ ಹೆದ್ದಾರಿ ಬದಿ ಸಿಹಿ ಈರುಳ್ಳಿಯ ಜಡೆ ತೂಗುವುದನ್ನು ಕಂಡವರಿಗೆ ಆ ಜಡೆ ಅಪರಿಚಿತ ಅನಿಸದು. ಅಲ್ಲಿ ವರ್ಷಕ್ಕೆ ಸುಮಾರು 450 ಮಿ.ಮೀ. ಮಳೆ, ಹಿಮ ಬೀಳದ ದಿನಗಳು ನಾಲ್ಕೇ ತಿಂಗಳು. ನಮ್ಮ ಸೌತೆ ಅಲ್ಲಿ ಬಾಳದು, ಅವರ ಮೆಕ್ಕೆಜೋಳ ಇಲ್ಲಿ ಬಾಳದು. ಇಬ್ಬರಿಗೂ ಬೇಕಾದದ್ದು ತಮ್ಮ ಮಳೆಯನ್ನು ಬಲ್ಲ ಬೀಜ, ಅದನ್ನು ಕಾಯುವ ನೆರೆಹೊರೆ.

ಕರಾವಳಿಯವರಿಗೆ ಎರಡು ಮಾತು. ಕಾರವಾರ, ಅಂಕೋಲಾದ ಮರಳುಮಣ್ಣಿಗೆ ಘಟ್ಟದ ಮೇಲಿನ ಬೀಜ ಹೊಂದುತ್ತದೆ, ಆದರೆ ಗೊಬ್ಬರ ನಿಲ್ಲುವುದಿಲ್ಲ. ಒಂದೇ ಸಲ ಹಾಕುವ ಬದಲು ಹದಿನೈದು ದಿನಕ್ಕೊಮ್ಮೆ ಅರ್ಧ ಬುಟ್ಟಿಯಂತೆ ಕೊಡಿ. ಬೇಸಿಗೆ ತರಕಾರಿಗೆ ಮಾತ್ರ ಶಿರಸಿಯವರೆಗೆ ಹತ್ತಬೇಕಿಲ್ಲ. ಕಾರವಾರದ ಭಾನುವಾರದ ಸಂತೆಯಲ್ಲಿ, ಅಂಕೋಲಾ–ಗೋಕರ್ಣದ ಬೀದಿಬದಿಯಲ್ಲಿ ಕೂರುವ ಹಾಲಕ್ಕಿ ಹೆಂಗಸರ ಬುಟ್ಟಿಯ ಬದನೆ, ಹರಿವೆ, ಮೂಲಂಗಿ ಆ ಮರಳಿನಲ್ಲೇ ಹುಟ್ಟಿ ಬಂದವು. ಕಾಯಿ ಕೊಳ್ಳುವಾಗಲೇ ಬಲಿತ ಬೀಜಕ್ಕೆ ಹೇಳಿಟ್ಟರೆ ಮುಂದಿನ ಸಂತೆಗೆ ತಂದುಕೊಡುತ್ತಾರೆ.

ಮರಳಿಸುವ ಬೀಜ ತಯಾರಿಸುವ ಕ್ರಮವನ್ನೂ ಹೇಳಿಬಿಡುತ್ತೇವೆ, ಅನೇಕರು ಎಡವುವುದು ಅಲ್ಲೇ. ಸೌತೆಯಲ್ಲಿ ಒಳ್ಳೆಯ ಬಳ್ಳಿಯ ಎರಡನೆಯ ಅಥವಾ ಮೂರನೆಯ ಕಾಯಿಗೆ ಬಟ್ಟೆಚೂರು ಕಟ್ಟಿ ಗುರುತಿಡಿ, ಮನೆಮಂದಿ ಕೊಯ್ದುಬಿಡದಂತೆ. ಸಿಪ್ಪೆ ಕಂದುಹಳದಿಗೆ ತಿರುಗಿ ಬಿರುಕು ಬಿಟ್ಟ ಮೇಲೆ ಕೊಯ್ದು ಹತ್ತು ದಿನ ನೆರಳಲ್ಲಿಡಿ. ತಿರುಳು ಸಮೇತ ಬೀಜ ಪಾತ್ರೆಗೆ ಹಾಕಿ ಎರಡು ದಿನ ಹುಳಿಯಲು ಬಿಡಿ, ಮೂರು ದಿನ ಬಿಟ್ಟರೆ ಅಲ್ಲೇ ಮೊಳೆಯುತ್ತದೆ. ತೊಳೆಯುವಾಗ ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಉಳಿಸಿ. ಮಳೆಗಾಲದಲ್ಲಿ ಬಿಸಿಲಿಲ್ಲವೆಂದು ಒಲೆಯ ನೇರ ಮೇಲೆ ಇಡಬೇಡಿ. ಕೈ ಸುಡದಷ್ಟು ಬೆಚ್ಚಗಿನ ಅಟ್ಟದ ಮೂಲೆಯಲ್ಲಿ, ಬೂದಿ ಉದುರಿಸಿ, ಒಂದು ವಾರ ಹರವಿಡಿ. ಆಮೇಲೆ ಬಾಟಲಿಗೆ ಹಾಕಿ, ಚೀಟಿಯಲ್ಲಿ ತಿಂಗಳು, ವರ್ಷ, ಊರು, ಎಷ್ಟು ಬಳ್ಳಿಯ ಬೀಜ, ಪಕ್ಕದಲ್ಲಿ ಏನಿತ್ತು ಎಂದು ಬರೆದು ಒಳಗಿಡಿ. ಮುಂದಿನ ಮೇ ತಿಂಗಳಲ್ಲಿ ಮೇಳಕ್ಕೆ ಹೋಗುವಾಗ ಚೀಲಕ್ಕೆ ಮೊದಲು ಹಾಕಬೇಕಾದ್ದು ಆ ಬಾಟಲಿ.